ಖಾಜಾ ಮಿಯಾರ ಬ್ರೇಕು

ಇಂಥದ್ದನ್ನು ಹೇಳಲು ಹೊರಡುವುದೇ ಉದ್ಧಟತನ. ಕಂಪ್ಯೂಟರ್ ಬಲ್ಲವರು ಮೊದಲೇ ಕ್ಷಮಿಸಿಬಿಡಬೇಕು. ಯಂತ್ರಕ್ಕೆ ಕಲಿಸುವ ವಿದ್ಯೆಯ ಆಳ ಇಲ್ಲಿ ಸಿಗದು, ಸಣ್ಣಪುಟ್ಟ ತಪ್ಪುಗಳೂ ಉಳಿದಿರಬಹುದು. ಆದರೂ ಪ್ರಣಿತಾ ಆ ಹದಿನೈದು ದಿನ ಮಾಡಿದ್ದನ್ನು ಯಾರೂ ಹೇಳದೆ ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪಾದೀತು.

ಪ್ರಣಿತಾ ಔರಾದ ತಾಲ್ಲೂಕಿನ ಚಿಂತಾಕಿಯವಳು. ಹಗಲು ಬೀದರಿನಲ್ಲಿ ರಶೀದ ಅಹ್ಮದರ ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಜಿ ತುಂಬುವ ಕೆಲಸ, ಸಂಜೆ ಅದೇ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸು, ಅದು ಮುಗಿದ ಮೇಲೆ ಔರಾದ ಬಸ್ಸು. ಗೇಮ್ ಎಂಜಿನ್ ಎಂದರೆ ಆಟಗಳನ್ನು ಕಟ್ಟುವ ಸಾಫ್ಟ್‌ವೇರು. ಕ್ಲಾಸಿನಲ್ಲಿ ಅದನ್ನು ಕಲಿತ ಅವಳು ಪರದೆಯ ಮೇಲೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಕಬ್ಬು ಹೇರಿದ ಜೋಡಿ ಟ್ರಾಲಿ, ಸುತ್ತ ಸಕ್ಕರೆ ಕಾರ್ಖಾನೆಯ ಮುಂದಿನಂಥ ಒಂದು ಯಾರ್ಡು ಮಾಡಿಟ್ಟಿದ್ದಳು. ರಶೀದ ಅಹ್ಮದರು ಅದನ್ನು ನೋಡಿದರು. ಜೋಡಿ ಟ್ರಾಲಿಯನ್ನು ಹಿಂದಕ್ಕೆ ತೆಗೆಯುವುದು ಎಂಥ ಕಷ್ಟವೆಂದು ಅವರಿಗೆ ಗೊತ್ತು. ಹಿಂದಿನ ಕಬ್ಬಿನ ಹಂಗಾಮಿನಲ್ಲಿ ಅವರ ವಿದ್ಯಾರ್ಥಿಯೊಬ್ಬ ಗೋಡೆಯನ್ನೇ ಕೆಡವಿದ್ದ. ಹುಡುಗರು ಮೊದಲು ಪರದೆಯ ಮೇಲೆ ಕಲಿಯಲಿ, ಹೇಗೆ ತೆಗೆಯಬೇಕೆಂದು ಪರದೆಯೊಳಗಿನ ಟ್ರ್ಯಾಕ್ಟರೇ ತಾನಾಗಿ ನಡೆದು ತೋರಿಸಲಿ ಎಂಬುದು ಅವರ ಆಸೆ. ಅಂಥದ್ದನ್ನು ಸಿದ್ಧಮಾಡಿಯೇ ಕೊಡುವವರು ಹೈದರಾಬಾದಿನಲ್ಲಿದ್ದರು. ತಾನೇ ಮಾಡಿಕೊಡುತ್ತೇನೆಂದು ಪ್ರಣಿತಾ ಹದಿನೈದು ದಿನ ಕೇಳಿದಳು.

“ಕೊಟ್ಟೀನಿ ತಗೋ. ಆಗಲಿಲ್ಲಂದ್ರ ಹೈದರಾಬಾದಿನವ್ರದೇ ತರಸ್ತೀನಿ,” ಎಂದರು ರಶೀದ ಅಹ್ಮದರು. “ನಿನ್ನ ಮ್ಯಾಲ ಸಿಟ್ಟೇನಿಲ್ಲವಾ. ಬ್ಯಾಚ್ ಮಾತ್ರ ನಿಂದ್ರಂಗಿಲ್ಲ.”

ಅದು ಬಂತೆಂದರೆ ತನ್ನ ಯಾರ್ಡು ಅಳಿಸಿಹೋಗುತ್ತದೆ, ತಾನು ಅರ್ಜಿ ತುಂಬುವವಳಾಗಿಯೇ ಉಳಿಯುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

ಮೊದಲ ಆರು ದಿನ ಸಾಮಾನು ಜೋಡಿಸುವುದರಲ್ಲೇ ಹೋದವು. ಒಂದು ಕಡೆ ಗೇಮ್ ಎಂಜಿನ್, ಇನ್ನೊಂದು ಕಡೆ ಪೈಥಾನ್ ಭಾಷೆಯಲ್ಲಿ ಬರೆದ ಮಶೀನ್ ಲರ್ನಿಂಗ್ ಸಲಕರಣೆ. ಎರಡೂ ಮಾತಾಡಿಕೊಂಡರೆ ಮಾತ್ರ ಕೆಲಸ. ಹೊಸದೇ ಒಳ್ಳೆಯದೆಂದು ಅವಳು ಎಲ್ಲಕ್ಕಿಂತ ಹೊಸ ಪೈಥಾನ್ ಹಾಕಿದಳು. ಸಲಕರಣೆ ಅದನ್ನು ಒಪ್ಪಲಿಲ್ಲ. ತೆಗೆದು ಹಳೆಯದನ್ನು ಹಾಕಿದಳು. ಕ್ಲಾಸಿನ ಉಳಿದ ಕೆಲಸಗಳಿಗೆ ಅದು ತಾಗಬಾರದೆಂದು ಕಂಪ್ಯೂಟರಿನೊಳಗೇ ಅದಕ್ಕೊಂದು ಬೇರೆ ಕೋಣೆ ಮಾಡಿಕೊಟ್ಟಳು. ಆಮೇಲೆ ಎಂಜಿನ್ ಕಡೆಯ ಭಾಗಕ್ಕೂ ಪೈಥಾನ್ ಕಡೆಯ ಭಾಗಕ್ಕೂ ವರ್ಶನ್ ಹೊಂದಲಿಲ್ಲ. ಬಂದ ಪ್ರತಿಯೊಂದು ಎರರನ್ನೂ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಂಡಳು, ತಾರೀಖು ಸಮೇತ. ದೊಡ್ಡ ದೊಡ್ಡ ಕಾಲೇಜು ಮುಗಿಸಿದವರು ಇದನ್ನು ಅರ್ಧ ದಿನದಲ್ಲಿ ಮಾಡುತ್ತಾರೇನೋ ಎಂದು ಬಸ್ಸಿನಲ್ಲಿ ಕೂತು ಕೊರಗಿದಳು. ಆದರೆ ಮರುದಿನ ಮತ್ತೆ ಮೊದಲ ಬಸ್ಸಿಗೇ ಬಂದಳು. ಆರನೆಯ ದಿನ ಕಪ್ಪು ಪರದೆಯಲ್ಲಿ ಸಂಪರ್ಕವಾಯಿತೆಂಬ ಒಂದು ಸಾಲು ಮೂಡಿತು, ಯಾರ್ಡಿನ ಟ್ರ್ಯಾಕ್ಟರು ಅಲುಗಾಡಿತು. ಓಡಿಸುತ್ತಿರುವುದು ತಾನಲ್ಲವೆಂದು ಖಾತ್ರಿಯಾಗಲು ಅವಳು ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಹಿಡಿದು ಕೂತಳು.

ಟ್ರಾಲಿಗಳನ್ನು ಹಿಂದಕ್ಕೆ ತೆಗೆದು ನೆಲದ ಗುರುತಿಗೆ ತಂದು ನಿಲ್ಲಿಸಿದರೆ ಅಂಕ ಬರುತ್ತದೆ, ಗೋಡೆಗೆ ತಾಗಿದರೆ ಹೋಗುತ್ತದೆ. ಅವಳು ಇಟ್ಟ ನಿಯಮ ಇಷ್ಟೇ. ಇಪ್ಪತ್ತು ಸಾವಿರ ಸಲ ಯತ್ನಿಸಿದ ಮೇಲೆ ಟ್ರ್ಯಾಕ್ಟರು ಕಲಿತದ್ದು, ಇದ್ದಲ್ಲೇ ಇರುವುದನ್ನು. ಅಲುಗದಿದ್ದರೆ ಗೋಡೆ ತಾಗುವುದೇ ಇಲ್ಲವಲ್ಲ. ತಪ್ಪಾದೀತೆಂದು ಏನೂ ಮಾಡದೆ ನಿಂತ ಆ ಟ್ರ್ಯಾಕ್ಟರನ್ನು ನೋಡಿ ಪ್ರಣಿತಾಗೆ ನಗು ಬಂತು. ಅಂಥವರೊಬ್ಬರನ್ನು ಅವಳು ದಿನವೂ ಕನ್ನಡಿಯಲ್ಲಿ ಕಾಣುತ್ತಿದ್ದಳು.

ಸಲಕರಣೆಯಲ್ಲಿ ಇನ್ನೊಂದು ದಾರಿಯಿತ್ತು. ಬಲ್ಲವರು ಓಡಿಸಿದ್ದನ್ನು ದಾಖಲು ಮಾಡಿ ಕೊಟ್ಟರೆ ಯಂತ್ರ ಅದನ್ನು ನೋಡಿ ಕಲಿಯುತ್ತದೆ. ಬಲ್ಲವರೆಂದರೆ ಖಾಜಾ ಮಿಯಾ. ಮೂವತ್ತೊಂದು ಹಂಗಾಮು ಭಾಲ್ಕಿ ಕಡೆಗೆ ಕಬ್ಬಿನ ಟ್ರ್ಯಾಕ್ಟರು ಹೊಡೆದವರು, ಈಗ ಅದೇ ಸ್ಕೂಲಿನಲ್ಲಿ ಗಾಡಿ ಕಲಿಸುವ ಉಸ್ತಾದರು. ಕಂಪ್ಯೂಟರಿಗೆ ಜೋಡಿಸಿದ ಆಟಿಕೆಯ ಸ್ಟೇರಿಂಗು, ಪೆಡಲುಗಳ ಮುಂದೆ ಚಪ್ಪಲಿ ಬಿಟ್ಟು ಕೂತರು.

“ಧಗಿ ಇಲ್ಲ, ಧೂಳಿಲ್ಲ, ಕಬ್ಬಿನ ವಾಸನಿ ಇಲ್ಲ,” ಎಂದರು. “ದುಲ್ಹಾ ಇಲ್ಲದ ಬರಾತ್, ಮದುಮಗ ಇಲ್ಲದ ಮೆರವಣಿಗಿ ಆದಂಗಾಯ್ತು ಬೇಟಾ.”

ಹಾಗೆಂದವರು ನಲವತ್ತು ಸಲ ಓಡಿಸಿ ತೋರಿಸಿದರು. ಮುಂದಿನ ಟ್ರಾಲಿ ಒಂದು ಕಡೆ ಬಾಗಿದರೆ ಹಿಂದಿನದು ಇನ್ನೊಂದು ಕಡೆ ಎಳೆಯುತ್ತದೆ. ಅವರ ಕೈಯಲ್ಲಿ ಎರಡೂ ಹಗ್ಗ ಹಿಡಿದು ನಡೆಸಿದ ಎತ್ತುಗಳಂತೆ ಬಂದವು. ಗೋಡೆಗೆ ಒಮ್ಮೆಯೂ ತಾಗಲಿಲ್ಲ. ಅವರ ಹಿಂದೆ ಕೂತ ಪ್ರಣಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ದಾಖಲೆ ತೆರೆದಾಗ ಒಂದು ವಿಚಿತ್ರ ಕಂಡಿತು. ನಲವತ್ತು ಸಲವೂ, ರಿವರ್ಸ್ ಗೇರು ಬಿದ್ದ ಮೇಲೆ, ಐದು ಸೆಕೆಂಡು ಬ್ರೇಕು ಒತ್ತಿಯೇ ಇತ್ತು. ಎದುರಿಗೆ ಏನೂ ಇಲ್ಲ, ಹಿಂದೆಯೂ ಇಲ್ಲ. ವಯಸ್ಸಾಗಿದೆ, ಕಾಲು ಮಾತು ಕೇಳುತ್ತಿಲ್ಲವೇನೋ ಅಂದುಕೊಂಡಳು. ಕೇಳುವುದು ಹೇಗೆ? ಅಷ್ಟು ದೊಡ್ಡವರ ಮುಂದೆ ನಿಂತು, ಚಾಚಾ ನೀವು ಯಾಕೆ ತಡಮಾಡುತ್ತೀರಿ ಎಂದು ಅನ್ನುವುದುಂಟೆ? ಅವರ ಮರ್ಯಾದೆ ಉಳಿಸಬೇಕೆಂದು, ಯಾರಿಗೂ ಹೇಳದೆ, ನಲವತ್ತು ಕಡೆಯೂ ಆ ಐದು ಸೆಕೆಂಡನ್ನು ಕತ್ತರಿಸಿದಳು. ಬೇಡದ್ದನ್ನು ತೆಗೆಯುವುದಕ್ಕೆ ಕ್ಲಾಸಿನಲ್ಲಿ ಸ್ವಚ್ಛ ಮಾಡುವುದು ಎನ್ನುತ್ತಿದ್ದರು. ಮೂಲವನ್ನು ಮಾತ್ರ ಬೇರೆ ಕಡೆ ತೆಗೆದಿಟ್ಟಳು. ಏನನ್ನೂ ಪೂರ್ತಿ ಎಸೆಯುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲ.

ಯಂತ್ರ ಬೇಗ ಕಲಿಯಿತು. ನೂರಕ್ಕೆ ತೊಂಬತ್ತನಾಲ್ಕು ಸಲ ಗುರುತಿಗೆ ಬಂದು ನಿಂತಿತು. ಶನಿವಾರ ಅವಳು ಅದನ್ನು ಮೊದಲು ಖಾಜಾ ಮಿಯಾರಿಗೇ ತೋರಿಸಿದಳು. ತಿರುವು ನೋಡಿ ಅವರು ತಲೆದೂಗಿದರು. ಎರಡನೆಯ ಸಲ ಮುಖವನ್ನು ಪರದೆಯ ಹತ್ತಿರ ತಂದು ನೋಡಿದರು.

“ಇದು ನಿಂದ್ರಲೇ ಇಲ್ಲಲ್ಲ, ಬೇಟಾ.”

ಅವಳು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಕಬ್ಬಿನ ಯಾರ್ಡು ಯಾವತ್ತಾದರೂ ನೋಡಿದ್ದೀಯಾ ಎಂದು ಕೇಳಿದರು. ಫೋಟೋದಲ್ಲಿ ನೋಡಿದ್ದೇನೆಂದಳು. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಾ ಎಂದರು.

ಭಾಲ್ಕಿಯಿಂದ ಮುಂದೆ, ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಇಬ್ಬರೂ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಪಾಳಿಗಾಗಿ ಕಾಯುತ್ತ ನೂರಾರು ಟ್ರ್ಯಾಕ್ಟರುಗಳು ನಿಂತಿದ್ದವು. ಬಯಲಿಗೆಲ್ಲ ಒಂದೂ ಗಿಡವಿಲ್ಲ, ನೆರಳೆಂದರೆ ಟ್ರಾಲಿಗಳದ್ದೇ. ಪ್ರತಿ ಟ್ರಾಲಿಯ ಕೆಳಗೆ ಜನ ಮಲಗಿದ್ದರು. ಕಬ್ಬು ಕಡಿಯುವವರು, ಡ್ರೈವರುಗಳು, ಮುಖದ ಮೇಲೆ ಸೆರಗು ಎಳೆದುಕೊಂಡ ಹೆಂಗಸರು. ಒಂದು ಕಡೆ ಗಾಲಿಯ ಅಚ್ಚಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದರು, ಅದರೊಳಗೆ ಕೂಸು. ಹಿಂದಕ್ಕೆ ತೆಗೆಯಬೇಕಿದ್ದ ಒಬ್ಬ ಡ್ರೈವರ್ ಗೇರು ಹಾಕಿ, ಬ್ರೇಕು ಒತ್ತಿಹಿಡಿದು, ಸೀಟಿನಿಂದ ಬಗ್ಗಿ ಕೆಳಗೆ ನೋಡಿ ಕೂಗಿದ. ಮೂವರು ಕಣ್ಣುಜ್ಜುತ್ತ ಎದ್ದು ಬಂದರು. ಆಮೇಲೆಯೇ ಗಾಡಿ ಅಲುಗಿತು.

“ಅಲ್ಲಿ ಕುರ್ಚಿ ಮ್ಯಾಲ ಕುಂತಾಗ ಭೀ ನಾ ಬಗ್ಗಿ ನೋಡೀನಿ,” ಎಂದರು ಖಾಜಾ ಮಿಯಾ. “ನಿನ್ನ ಯಾರ್ಡಿನಾಗ ಯಾರೂ ಮಲಗಿಲ್ಲಂತ ನನಗ ಗೊತ್ತಿತ್ತು. ಕಾಲಿಗಿ ಗೊತ್ತಿರಲಿಲ್ಲ.”

ಪ್ರಣಿತಾ ಸೀರೆಯ ತೊಟ್ಟಿಲಿನ ಕಡೆ ತಿರುಗಿ ನೋಡಿದಳು. ಆಮೇಲೆ ಅಂದಳು: “ನಾ ಕೇಳಬೇಕಿತ್ರಿ ಚಾಚಾ.”

“ಕೇಳಿದ್ರ ಹೇಳ್ತಿದ್ದೆ. ಬೈತಿದ್ದೆ ಭೀ,” ಎಂದು ಅವರು ನಕ್ಕರು.

ಇನ್ನೆರಡೇ ದಿನ ಉಳಿದಿತ್ತು. ಅವಳು ಮೂಲ ದಾಖಲೆಯನ್ನು ಹೊರತೆಗೆದಳು. ಬ್ರೇಕನ್ನು ಮರಳಿ ಹಾಕಿದರಷ್ಟೇ ಸಾಲದೆಂದು ಆಟದೊಳಗೆ ಟ್ರಾಲಿಯ ಕೆಳಗೆ ಮಲಗಿದ ಜನರನ್ನು ಮಾಡಿದಳು. ಒಮ್ಮೆ ಇರುತ್ತಾರೆ, ಒಮ್ಮೆ ಇರುವುದಿಲ್ಲ. ಯಂತ್ರಕ್ಕೆ ಕೆಳಗೆ ನೋಡುವ ಕಣ್ಣು ಕೊಟ್ಟಳು. ಜನ ಎದ್ದು ಹೋಗುವ ತನಕ ಕಾಯದಿದ್ದರೆ ಎಲ್ಲ ಅಂಕವೂ ಹೋಗಬೇಕು. ಹೊಸದಾಗಿ ಕಲಿಕೆ ಶುರುವಾಯಿತು. ಮಂಗಳವಾರ ಬೆಳಿಗ್ಗೆ ಲೆಕ್ಕ ನೋಡಿದರೆ ನೂರಕ್ಕೆ ಅರವತ್ತೊಂದು. ಉಳಿದ ಸಲ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೆ ವೇಳೆ ಮೀರುತ್ತಿತ್ತು. ಮಲಗಿದವರಿಗೆ ಮಾತ್ರ ಒಮ್ಮೆಯೂ ತಾಗಲಿಲ್ಲ.

ತೊಂಬತ್ತನಾಲ್ಕರದ್ದು ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಅದೊಂದನ್ನೇ ತೋರಿಸಿದ್ದರೆ ರಶೀದ ಅಹ್ಮದರಿಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಎರಡನ್ನೂ ತೋರಿಸಿದಳು. ಮೊದಲನೆಯದನ್ನು ನೋಡಿ ಅವರು ಖುಷಿಯಾದರು. ಎರಡನೆಯದು ನಿಂತಾಗ ಗಡಿಯಾರ ನೋಡಿದರು.

“ಇದ್ಯಾಕ ತಡ ಮಾಡ್ತದ?”

“ಕೆಳಗ ನೋಡ್ತದ್ರಿ,” ಎಂದಳು ಪ್ರಣಿತಾ. ಕತ್ತರಿಸಿದ್ದನ್ನೂ ಹೇಳಿದಳು, ಅರವತ್ತೊಂದನ್ನೂ ಹೇಳಿದಳು.

ರಶೀದ ಅಹ್ಮದರು ಬಾಗಿಲಲ್ಲಿ ನಿಂತಿದ್ದ ಖಾಜಾ ಮಿಯಾರ ಕಡೆ ನೋಡಿದರು. ಪರದೆಯಲ್ಲಿ ಮಲಗಿದವನೊಬ್ಬ ಎದ್ದು ಬದಿಗೆ ಸರಿದ, ಟ್ರ್ಯಾಕ್ಟರು ಮೆಲ್ಲನೆ ಹಿಂದಕ್ಕೆ ಹೊರಟಿತು.

“ಮೊದಲಿಂದು ಅಳಿಸಿಬಿಡು,” ಎಂದರು ರಶೀದ ಅಹ್ಮದರು. “ಯಾರಾರ ಅದನ್ನ ನೋಡಿ ಕಲತಾರು. ಬ್ಯಾಚ್ ಇದರ ಮುಂದ ಕೂಡ್ಲಿ. ಹೈದರಾಬಾದಿನವ್ರಿಗಿ ಬ್ಯಾಡಂತ ನಾ ಫೋನ್ ಮಾಡ್ತೀನಿ.”

ಅವಳ ಯಂತ್ರ ಆಮೇಲೆ ನೂರಕ್ಕೆ ಎಪ್ಪತ್ತೆಂಟಕ್ಕೆ ಏರಿದೆ. ಆದರೆ ಕೆಳಗೆ ಯಾರೂ ಇಲ್ಲದಾಗಲೂ ಅದು ನಿಲ್ಲುತ್ತದೆ, ಕೆಲವೊಮ್ಮೆ ಐದು ಸೆಕೆಂಡು, ಕೆಲವೊಮ್ಮೆ ಒಂದೇ. ಅದು ಜನರನ್ನು ಕಾಣುತ್ತದೆಯೋ, ಬರೇ ಉಸ್ತಾದರ ಕಾಲನ್ನು ಅನುಕರಿಸುತ್ತದೆಯೋ ಎಂದು ತಿಳಿಯಲು ಪ್ರಣಿತಾ ಒಳಗಿನ ಅಂಕೆಗಳನ್ನೆಲ್ಲ ತೆರೆದು ನೋಡಿದಳು. ಅವಳಿಗೆ ಗೊತ್ತಾಗಲಿಲ್ಲ. ಅದರ ಮುಂದೆ ಕೂತು ಕಲಿತ ಒಂಬತ್ತು ಜನ ಈ ಹಂಗಾಮಿಗೆ ಹೋಗಿದ್ದಾರೆ. ಅವರು ಬಗ್ಗಿ ನೋಡುತ್ತಾರೋ ಇಲ್ಲವೋ, ಅದೂ ಇನ್ನೂ ತಿಳಿದಿಲ್ಲ.