ಹಲ್ಕಾ ಲ್ಯಾಪ್‌ಟಾಪ್

ಮೊದಲನೇ ಲ್ಯಾಪ್‌ಟಾಪಿನ ಗುಂಡಿಗಳನ್ನು ಮುಟ್ಟಿದ ಕೂಡಲೇ ಬೆರಳಿಗೆ ಏನೋ ಅಂಟಿತು. ಎಣ್ಣೆಯೋ, ಚಹದ ಸಕ್ಕರೆಯೋ, ಯಾರ ಮೂಗಿನದೋ, ದೇವರೇ ಬಲ್ಲ. ಗುಂಡಿಗಳ ಸಂದಿಯಲ್ಲಿ ಕೂದಲು, ಉಗುರಿನ ಚೂರು. ಯಾವುದೋ ಕಂಪನಿಯವರು ಐದಾರು ವರ್ಷ ಬಳಸಿ ಬಿಸಾಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ‘ರಿಫರ್ಬಿಶ್ಡ್’ ಎಂದು ಹೆಸರಿಟ್ಟರೆ ಆಯಿತಲ್ಲ! ಸೆರಗಿಗೆ ಬೆರಳು ಒರೆಸಿಕೊಂಡೆ. ಆಮೇಲೆ ಸೆರಗಿನ ಮೇಲೂ ಅಸಹ್ಯವಾಯಿತು.

ಇದು ನಡೆದದ್ದು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ, ವಸಂತಕುಮಾರರ ಹೋಟೆಲಿನ ಮಹಡಿಯ ಮೇಲೆ. ಅವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು. ನಾನು ರತ್ನಾವತಿ, ಡೊಂಬಿವಲಿಯಲ್ಲಿ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಂಘದಲ್ಲಿ ವಿದ್ಯಾರ್ಥಿಗಳಿಗೆ ಸಹಾಯ ಮಾಡುವ ಜವಾಬ್ದಾರಿ ನನ್ನದು. ಈ ವರ್ಷ ಒಬ್ಬಳೇ ಒಬ್ಬಳಿಗೆ ಲ್ಯಾಪ್‌ಟಾಪ್ ಕೊಡುವುದೆಂದು ತೀರ್ಮಾನವಾಗಿತ್ತು. ಆ ಒಬ್ಬಳು ಮಾಲಾ.

ಮಾಲಾ ಟಿಟ್ವಾಳಾದ ಹುಡುಗಿ. ತಾಯಿ ದಾನಮ್ಮ ಕಲಬುರಗಿ ಕಡೆಯವಳು, ಕಟ್ಟಡಗಳಲ್ಲಿ ಇಟ್ಟಂಗಿ ಹೊರುತ್ತಾಳೆ. ಮಾಲಾ ಠಾಣೆಯ ಕಾಲೇಜಿಗೆ ಸೇರಿದ ತಿಂಗಳಲ್ಲೇ ಕಲ್ಯಾಣ ಸ್ಟೇಷನ್ನಿನ ನೂಕುನುಗ್ಗಲಲ್ಲಿ ಬಿದ್ದು ಬಲಗೈ ಮುರಿದುಕೊಂಡಳು. ಒಳಗೆ ರಾಡು ಕೂರಿಸಿದ್ದಾರೆ. ಪೆನ್ನು ಹಿಡಿದರೆ ಹತ್ತು ನಿಮಿಷಕ್ಕೆ ಬೆರಳು ಜೋಮು ಹಿಡಿಯುತ್ತದೆ, ಟೈಪ್ ಮಾಡಬಲ್ಲಳು. ಕ್ಲಾಸಿನಲ್ಲಿ ಮೊಬೈಲು ಹಿಡಿಯುವಂತಿಲ್ಲ, ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಬರೆದುಕೊಳ್ಳಲು ಕಾಲೇಜಿನವರು ಒಪ್ಪಿದ್ದರು. ಹೆಗಲ ಮೇಲೆ ಒಂದೂವರೆ ಕಿಲೋಗಿಂತ ಹೆಚ್ಚು ಹೊರಲೇಬಾರದೆಂದು ಡಾಕ್ಟರು ಕಡ್ಡಾಯವಾಗಿ ಹೇಳಿದ್ದರು. ಹಗುರವಾದ ಲ್ಯಾಪ್‌ಟಾಪ್ ಸಿಕ್ಕರೆ ಓದು, ಸಿಗದಿದ್ದರೆ ಮನೆ. ಇಷ್ಟೇ ಲೆಕ್ಕ.

“ಹೊಸತೇ ತೆಗೆದುಕೊಡುವಾ ವಸಂತಣ್ಣ, ಒಂದೇ ತಾನೇ?” ಎಂದು ಮೊದಲೇ ಕೇಳಿದ್ದೆ.

“ಹೊಸತು ಯಾಕೆ ಟೀಚರೇ? ಅವರಿಗೆ ಇಷ್ಟಾದರೆ ಧಾರಾಳ ಆಯ್ತು,” ಎಂದಿದ್ದರು. ‘ಅವರಿಗೆ’ ಎನ್ನುವಾಗ ವಸಂತಕುಮಾರರ ತುಟಿ ಸೊಟ್ಟಗಾದ ರೀತಿ ನನಗೆ ಹಿಡಿಸಲಿಲ್ಲ. ಆದರೂ ಹೂಂ ಎಂದೆ.

ಲ್ಯಾಪ್‌ಟಾಪ್ ತಂದವನು ವಾಶಿಯ ಅಭಿಜಿತ್ ಎಂಬ ಡೀಲರ್. ಅಂದು ಆತ ಮೂರು ತಂದಿದ್ದ. ದಾನಮ್ಮ, ಮಾಲಾ ಬಾಗಿಲ ಬಳಿಯ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ವಸಂತಕುಮಾರರು ಅಡಿಗೆಮನೆಯಿಂದ ತಕ್ಕಡಿ ತರಿಸಿದರು. ಹೋಟೆಲಿನವರಿಗೆ ತೂಕದ ಮೇಲಿರುವ ನಂಬಿಕೆ ದೇವರ ಮೇಲೂ ಇಲ್ಲ. ತಕ್ಕಡಿಯ ತಟ್ಟೆಯಲ್ಲಿ ಒಣಗಿ ಹಿಡಿದಿದ್ದ ಕಾಯಿತುರಿಯ ಮೇಲೆಯೇ ಲ್ಯಾಪ್‌ಟಾಪ್ ಮಲಗಿಸಿದರು. ಒಂದು ಕಿಲೋ ಒಂಬೈನೂರು. ಇನ್ನೊಂದು, ಎರಡು ಕಿಲೋ. ಮೂರನೆಯದು ಒಂದು ಎಂಟುನೂರು.

“ಇದೆಲ್ಲ ಕಲ್ಲು ಮಾರಾಯ. ಹಗುರದ್ದು ತಾ,” ಎಂದರು ವಸಂತಕುಮಾರರು.

ಅಭಿಜಿತ್ ಗೋಡೌನಿನಲ್ಲಿ ಇನ್ನೊಂದಿದೆ ಎಂದು ಹೇಳಿ ಮೂರನ್ನೂ ಎತ್ತಿಕೊಂಡು ಹೋದ. ನಮ್ಮ ಊಟ ಮುಗಿಯುವಷ್ಟರಲ್ಲಿ ವಾಪಸು ಬಂದು ಒಂದನ್ನು ತಕ್ಕಡಿಗಿಟ್ಟ. ಒಂದು ಕಿಲೋ ನಾನೂರ ಐವತ್ತು!

“ಏಕದಮ್ ಹಲ್ಕಾ ಹೈ, ಆಂಟಿ,” ಎಂದು ನನ್ನತ್ತ ನೋಡಿ ಹಲ್ಲು ಕಿರಿದ.

ದಾನಮ್ಮ ಬೆಚ್ಚಿ ನನ್ನ ಮುಖ ನೋಡಿದಳು. ನಾನು ನಕ್ಕೆ. ಅವನು ವೈರು ಸಿಕ್ಕಿಸಿಕೊಟ್ಟ ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ಟೈಪ್ ಮಾಡಿ ನೋಡಿದೆ. ವೈರು ಕೀಳಲು ಹೋದಾಗ, ಅಪ್‌ಡೇಟ್ ನಡೆಯುತ್ತಿದೆ, ತೆಗೆಯಬೇಡಿ ಎಂದು ಹಿಂದಿಯಲ್ಲೇ ತಡೆದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದವಳು ನಾನು. ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿಕೊಟ್ಟೆ.

ಸಮಾರಂಭದ ವಿಷಯ ಹೇಳಲು ನಾಲಿಗೆಯೇ ಏಳುವುದಿಲ್ಲ. ಬ್ಯಾನರಿನಲ್ಲಿ ವಸಂತಕುಮಾರರ ಮುಖ ಬಾಗಿಲಷ್ಟು, ಮಾಲಾಳ ಹೆಸರು ಬೆರಳಷ್ಟು. ಲ್ಯಾಪ್‌ಟಾಪಿಗೆ ಹಾರ ಹಾಕಿದ್ದರು. ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿ ಎಂದು ಫೋಟೋದವನು ಆ ಹುಡುಗಿಯನ್ನು ಮೂರು ಸಲ ಎತ್ತಿಸಿದ. ಅವಳ ಮುಖ ನೋವಿಗೆ ಕಿವುಚಿಕೊಂಡು ಕಣ್ಣಲ್ಲಿ ನೀರು ಬಂತು. ಜನ ಅದನ್ನು ಆನಂದಬಾಷ್ಪ ಅಂದುಕೊಂಡು ಚಪ್ಪಾಳೆ ತಟ್ಟಿದರು. ದಾನಮ್ಮ ಎಲ್ಲರ ಕಾಲಿಗೆ ಬಿದ್ದಳು. ನನ್ನ ಕಾಲಿಗೂ.

ಹತ್ತು ದಿನದ ಮೇಲೆ ತಾಯಿ ಮಗಳು ನನ್ನ ಮನೆಗೆ ಬಂದರು. ಮಾಲಾ ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಮಾತಾಡುವವಳು. “ಟೀಚರ್, ವೈರ್ ನಿಕಾಲಾ ತೋ ಬಂದ್ ಹೋ ಜಾತಾ ಹೈ,” ಎಂದಳು. ವೈರು ತೆಗೆದರೆ ಸತ್ತೇಹೋಗುತ್ತದೆ. ಕ್ಲಾಸಿನಲ್ಲಿ ಪ್ಲಗ್ ಇರುವುದು ಹಿಂದಿನ ಗೋಡೆಗೆ ಒಂದೇ ಒಂದು. ಎಂಟು ದಿನ ಕಸದ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು ಬರೆದಳಂತೆ. ಮೇಷ್ಟ್ರು, ಬೆಂಚಿನ ಮೇಲೆ ಕೂರುವುದಾದರೆ ಕೂರು, ಇಲ್ಲವೇ ಹೊರಗೆ ಹೋಗು ಅಂದರಂತೆ. ಟಿಟ್ವಾಳಾ ಸ್ಟೇಷನ್ ಹತ್ತಿರದ ರಿಪೇರಿಯವನು ತಳ ಬಿಚ್ಚಿ ತೋರಿಸಿದ್ದ. ಬ್ಯಾಟರಿಯೇ ಇಲ್ಲ! ಬ್ಯಾಟರಿ ಇರಬೇಕಾದ ಜಾಗದಲ್ಲಿ ಧೂಳು, ಜಿರಳೆಯ ಹಿಕ್ಕೆ. ಮಾಲಾ ಫೋನಿನಲ್ಲಿ ಹಿಡಿದಿದ್ದ ಚಿತ್ರ ನೋಡಿ, ಫೋನು ವಾಪಸು ಕೊಟ್ಟು ಕೈ ಒರೆಸಿಕೊಂಡೆ.

“ಅಂವ ಹಲ್ಕಾ ಅದ ಅಂದಾಗಲೇ ನಿಮ್ಮ ಮಾರಿ ನೋಡಿದ್ನಿ, ಅಕ್ಕೋರೆ,” ಎಂದಳು ದಾನಮ್ಮ. “ನಮ್ಮ ಕಡಿ ಹಲ್ಕಾ ಅಂದ್ರ ಏನು, ನಿಮಗ ಗೊತ್ತದಲ್ರಿ. ಹಲ್ಕಾ ಮಂದಿ, ಹಲ್ಕಾ ಕೆಲಸ ಅಂತೀವಿ. ನೀವು ನಕ್ಕಿರಿ. ಓದಿದವ್ರು ನಗಾಕತ್ಯಾರ, ಇಲ್ಲಿ ಹಗುರ ಅಂತಿರಬೇಕು ಅಂತ ನಾ ಬಾಯಿ ಮುಚ್ಕೊಂಡೆ.”

ಹಿಂದಿಯಲ್ಲಿ ಹಗುರ, ಕನ್ನಡದಲ್ಲಿ ನೀಚ. ಆ ಡೀಲರ್ ತಿಳಿಯದೆ ನಿಜವನ್ನೇ ಹೇಳಿದ್ದ. ಅಲ್ಲಿದ್ದವರಲ್ಲಿ ಅದನ್ನು ಸರಿಯಾಗಿ ಕೇಳಿಸಿಕೊಂಡವಳು ದಾನಮ್ಮ ಒಬ್ಬಳೇ.

ಅದೇ ಮಧ್ಯಾಹ್ನ ಠಾಣೆಗೆ ಹೋದೆ. ವಸಂತಕುಮಾರರು ಗಲ್ಲಾದಲ್ಲಿ ಕೂತು ಕಡ್ಡಿಯಿಂದ ಹಲ್ಲು ಕುತ್ತಿಕೊಳ್ಳುತ್ತಿದ್ದರು. ಬ್ಯಾಟರಿ ಇಲ್ಲವೆಂದು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅದು ಉಬ್ಬಿತ್ತಂತೆ ಮಾರಾಯ್ರೆ. ತೆಗೆದದ್ದೇ ಒಳ್ಳೇದಾಯ್ತು, ಸಿಡಿದಿದ್ರೆ?”

“ನಿಮಗೆ ಗೊತ್ತಿತ್ತಾ?”

“ಅಭಿಜಿತ್ ಅವತ್ತೇ ಫೋನಿನಲ್ಲಿ ಹೇಳಿದ. ನೀವು ಹಗುರ ಬೇಕು ಅಂತ ಹಟ ಹಿಡಿದಿರಿ, ಅವ ಆ ಒಂದು ಎಂಟುನೂರರದ್ದನ್ನೇ ಹಗುರ ಮಾಡಿ ತಂದ. ತೂಕ ನಿಮ್ಮೆದುರೇ ಆಯ್ತಲ್ಲ?” ಕಡ್ಡಿಯ ತುದಿಯನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡರು. “ಇನ್ನು ರಂಪ ಮಾಡ್ಬೇಡಿ. ಸಂಘದ ಚುನಾವಣೆ ಹತ್ತಿರ ಬಂತು. ಬ್ಯಾಟರಿ ಹಾಕಿಸಿ ಕೊಡ್ತೇನೆ, ಆಯ್ತಾ?”

“ಹಾಕಿಸಿದರೆ ಮತ್ತೆ ಒಂದು ಎಂಟುನೂರು. ಅವಳು ಹೊರುವ ಹಾಗಿಲ್ಲ.”

“ಹಾಗಾದ್ರೆ ಎಂತ ಮಾಡ್ಲಿಕ್ಕೆ ಬರ್ತದೆ? ಕಾಫಿ ಕುಡೀತೀರಾ?”

ಥೂ! ನಾನು ಉಗಿಯಲಿಲ್ಲ, ಉಗಿಯಬೇಕಿತ್ತು. ಮನೆಗೆ ಬಂದು ಸಂಘಕ್ಕೆ ರಾಜೀನಾಮೆ ಬರೆದೆ. ಎರಡು ಪುಟ, ಒಂದೊಂದು ಮಾತೂ ಚಾಟಿಯೇಟು. ಬರೆದು ಮುಗಿಸಿದಾಗ ಹೊಟ್ಟೆ ತಣ್ಣಗಾಯಿತು. ಬ್ಯಾಂಕಿನಲ್ಲಿರುವ ನನ್ನ ಠೇವಣಿಯಿಂದ ಆ ಹುಡುಗಿಗೆ ಹಗುರವಾದ ಹೊಸ ಲ್ಯಾಪ್‌ಟಾಪ್ ತೆಗೆದುಕೊಡಬಹುದಿತ್ತು. ಆ ಯೋಚನೆ ಬರಲಿಲ್ಲವೆಂದಲ್ಲ, ಬಂತು. ತಪ್ಪು ಮಾಡಿದವರು ಅವರು, ಕೊಡಬೇಕಾದವರೂ ಅವರೇ ಎಂದುಕೊಂಡು ಮಲಗಿದೆ.

ಒಂದು ತಿಂಗಳ ಮೇಲೆ ಠಾಣೆಗೆ ಕಣ್ಣಿನ ಡಾಕ್ಟರ ಬಳಿ ಹೋಗಲು ಡೊಂಬಿವಲಿಯಲ್ಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನಲ್ಲಿ ಮಾಲಾ, ದಾನಮ್ಮ, ಪಕ್ಕದಲ್ಲಿ ಕಪ್ಪು ಚೀಲ. ವಸಂತಕುಮಾರರು ಬ್ಯಾಟರಿ ಹಾಕಿಸಿಕೊಟ್ಟಿದ್ದರಂತೆ.

“ನೀ ಎಲ್ಲಿಗೆ ದಾನಮ್ಮ? ಕೆಲಸಕ್ಕೆ ಹೋಗಲಿಲ್ಲವಾ?”

“ಇಲ್ರಿ ಅಕ್ಕೋರೆ, ಈಗ ಇದೇ ಕೆಲಸ. ಇದನ್ನ ಹೊತ್ಕೊಂಡು ಕಾಲೇಜಿನ ತನಕ ಬರ್ತೀನಿ. ಆಕಿ ಒಳಗ ಹೋಗ್ತಾಳ, ನಾ ಗೇಟಿನ ಬಾಜೂ ಕೂಡ್ತೀನಿ. ಬಿಟ್ಟಮ್ಯಾಲ ಮತ್ತ ಹೊತ್ಕೊಂಡು ಹೋಗೂದು.”

“ದಿನಾ?”

“ದಿನಾ. ಮೂರು ವರ್ಷ ಅಲ್ರಿ.” ಅವಳು ನಕ್ಕಳು. “ಇಟ್ಟಂಗಿಗಿಂತ ಹಗುರೇ ಅದ. ನಿಮ್ಮಿಂದ ಸಿಕ್ತು, ನಿಮ್ಮ ಹೊಟ್ಟಿ ತಣ್ಣಗಿರಲಿ.”

ಮಾಲಾ ಕಿಟಕಿಯ ಹೊರಗೆ ನೋಡುತ್ತಿದ್ದಳು, ನನ್ನತ್ತ ತಿರುಗಲಿಲ್ಲ. ವಸಂತಕುಮಾರರ ಮೇಲಿದ್ದ ಅಷ್ಟೂ ಹೇಸಿಗೆ ತಿರುಗಿ ನನ್ನ ಮೇಲೇ ಬಂತು. ಚೀಲವನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದು ಬಾಯಿವರೆಗೆ ಬಂದದ್ದು ಬಾಯಲ್ಲೇ ಉಳಿಯಿತು.

ದಾನಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸರಿದು, ನನಗೆ ಜಾಗ ಮಾಡಿಕೊಟ್ಟಳು. ನಾನು ಕೂತೆ.