ಶುಂಠಿ ಚಹಾ, ನೂರಕ್ಕೆ ನೂರು ಹಾಜರಿ

ಕುಂಟಜಾಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಮಸ್ತ ಸಿಬ್ಬಂದಿಗೂ, ರೋಗಿಗಳಿಗೂ, ಅವರ ಜೊತೆ ಸುಮ್ಮನೆ ಬಂದವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ೧೯೯೮ರ ಜುಲೈ ತಿಂಗಳ ಮೊದಲ ಸೋಮವಾರದಿಂದ ಆಸ್ಪತ್ರೆಯ ಚಹಾಕ್ಕೆ ಶುಂಠಿ ಹಾಕಲಾಗುವುದು. ಒಂಬತ್ತರೊಳಗೆ ಬಂದವರಿಗೆ ಮಾತ್ರ.

ಹೀಗೆ ಘೋಷಿಸಿದವರು ಡಾಕ್ಟರ್ ಸಿದ್ದಾರೂಢ. ಬಿಜಾಪುರದಲ್ಲಿ ಮೂರು ದಿನ ಸಿಬ್ಬಂದಿಯನ್ನು ಹುರಿದುಂಬಿಸುವ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದರು. ತರಬೇತಿಗೆ ಹೋದವರು ಬೇತಾಳವನ್ನೇ ಹೊತ್ತು ತಂದಿದ್ದಾರೆ ಎಂಬುದು ಆಯಾ ಮರೆವ್ವನ ಅಭಿಪ್ರಾಯ.

ಡ್ರೈವರ್ ಮಲಿಕಸಾಬ ಮಾತ್ರ ಕಿವಿ ನಿಮಿರಿಸಿದ. ಅವನು ನಾಲ್ಕು ವರ್ಷದಿಂದ ಜೀಪಿಲ್ಲದ ಡ್ರೈವರು. ಇದ್ದ ಜೀಪು ಬೇವಿನ ಮರದಡಿ ಇಟ್ಟಂಗಿಗಳ ಮೇಲೆ ಕೂತಿತ್ತು. ಅದರ ಸೀಟಿನಲ್ಲಿ ಮರೆವ್ವನ ಕೋಳಿ ಮೊಟ್ಟೆ ಇಡುತ್ತಿತ್ತು. ಚಾಲಕನಲ್ಲಿ ಉಳಿದದ್ದು ಚಾಲಾಕಿ ಒಂದೇ.

“ತಾಲೂಕಿಗೆ ಒಂದು ಹೊಸಾ ಜೀಪ್ ಬಂದೈತಿ,” ಎಂದರು ಡಾಕ್ಟರು. “ಮುಂದಿನ ಮಂಗಳವಾರ ದೊಡ್ಡ ಸಾಹೇಬ್ರು ತಪಾಸಣಿಗೆ ಬರ್ತಾರ. ಯಾವ ಆಸ್ಪತ್ರ್ಯಾಗ ಎಲ್ಲಾರೂ ತಮ್ಮ ತಮ್ಮ ಜಾಗಾದಾಗ ಇರ್ತಾರೋ, ಜೀಪ್ ಅವರಿಗೆ.”

ಮಲಿಕಸಾಬನ ಎದೆ ಕೀಲಿ ತಿರುವಿದ ಎಂಜಿನ್ನಿನಂತೆ ಸ್ಟಾರ್ಟ್ ಆಯಿತು. ಹೋದ ತಿಂಗಳಷ್ಟೇ ದಿನ ತುಂಬಿದ ಬಸುರಿಯೊಬ್ಬಳನ್ನು ಟ್ರಾಕ್ಟರಿನಲ್ಲಿ ಸಿಂದಗಿಗೆ ಒಯ್ಯುವಾಗ ಅವಳ ಮೇಲೆ ಕೊಡೆ ಹಿಡಿದು ಕೂತವನು ಅವನೇ. ಹೆರಿಗೆ ದಾರಿಯಲ್ಲೇ ಆಯಿತು. ಕೂಸು ಗಟ್ಟಿ ಇತ್ತು, ಬದುಕಿತು. ಅವತ್ತಿನಿಂದ ಅವನು ಮಳೆಯಲ್ಲೂ ಕೊಡೆ ಬಿಚ್ಚಿರಲಿಲ್ಲ.

“ಮಲಿಕಸಾಬ, ಹಾಜರಿ ಜವಾಬ್ದಾರಿ ನಿಂದು.”

“ನಂದೇನ್ರಿ ಸಾಹೇಬ್ರ?”

“ನಿಂದ. ಹೆಂಗ ಮಾಡ್ತಿ ಅಂತ ನಾ ಕೇಳಂಗಿಲ್ಲ. ನಿನ್ನ ಮ್ಯಾಲೆ ಭರೋಸಾ ಐತಿ.”

ಹದಿಮೂರು ವರ್ಷದ ನೌಕರಿಯಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಶುಂಠಿ ಕೆಲಸ ಮಾಡಿತು. ಡಾಕ್ಟರೇ ಕೆಟಲಿ ಹಿಡಿದು ಬಗ್ಗಿಸಿ ಕೊಡುತ್ತಿದ್ದರು. ಹನ್ನೊಂದಕ್ಕೆ ಬರುತ್ತಿದ್ದ ಕಂಪೌಂಡರು ಎಂಟೂ ಮುಕ್ಕಾಲಿಗೆ ಬಂದು ಬಾಗಿಲ ಬೀಗ ನೋಡಿ ಬೈದಾಡಿದರು. ಮಲಿಕಸಾಬ ಮನೆ ಮನೆ ಕದ ಬಡಿದು ಮಂದಿಯನ್ನು ಎಬ್ಬಿಸಿ ತಂದ.

“ಡ್ರೈವರ್ ಸಾಹೇಬ,” ಎಂದಳು ಮರೆವ್ವ, “ಗಾಡಿ ಇಲ್ಲಂದ್ರೂ ಮಂದೀನ್ನ ಭಾಳ ಚಲೋ ಓಡಸಾಕತ್ತಿ ಬಿಡು!”

ಶನಿವಾರ ಅವನು ಹಾಜರಿ ಮಸ್ಟರ್ ತೆರೆದ. ಹದಿನಾಲ್ಕು ಹೆಸರು, ಎಂಟೇ ಸಹಿ. ಉಳಿದ ಆರು ಮಂದಿ ಹಳ್ಳಿ ಹಳ್ಳಿ ತಿರುಗಿ ಬಸುರಿ, ಬಾಣಂತಿ, ಕೂಸುಗಳನ್ನು ನೋಡುವ ಸಿಸ್ಟರುಗಳು. ಅವರು ಆಸ್ಪತ್ರೆಗೆ ಬರುವುದು ತಿಂಗಳಿಗೊಂದು ಮೀಟಿಂಗಿಗೆ. ಮಸ್ಟರಿನ ಆ ಆರು ಖಾಲಿ ಚೌಕ ಅವನಿಗೆ ಉದುರಿದ ಹಲ್ಲಿನಂತೆ ಕಂಡವು. ಸೈಕಲ್ ಹತ್ತಿದ. ಎರಡು ದಿನದಲ್ಲಿ ಆರೂ ಹಳ್ಳಿ ತಿರುಗಿದ.

“ಮಂಗಳವಾರ ನಂದು ಬಸುರ್ಯಾರನ್ನ ನೋಡೋ ದಿನ ಐತಿ, ಮಲಿಕಣ್ಣ,” ಎಂದು ಸಿಸ್ಟರ್ ಸುವರ್ಣಾ ಹಿಂದೇಟು ಹಾಕಿದಳು.

“ಒಂದ ದಿನಾ ಬರ್ರಿ ಅಕ್ಕೋರ! ಜೀಪ್ ಬಂತಂದ್ರ ದಿನಾ ಹಳ್ಳಿಗೆ ನಾನ ಬಿಡ್ತೇನಿ. ಮುಂದಿನ ಸೀಟ್ ನಿಮ್ದು, ಖರೇ.”

ಆ ಒಂದೇ ಸೀಟನ್ನು ಅವನು ಆರೂ ಜನರಿಗೆ ಬರೆದುಕೊಟ್ಟಿದ್ದ.

ಮಂಗಳವಾರ ಎಂಟೂವರೆಗೆ ಹದಿನಾಲ್ಕೂ ಮಂದಿ ಇಸ್ತ್ರಿ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಡಾಕ್ಟರು ಕಣ್ಣು ಬಿಟ್ಟರು. “ಇವ್ರೂ ಬಂದಾರಲ್ಲೋ?”

“ಸರ್ಪ್ರೈಜ್ ರೀ ಸಾಹೇಬ್ರ!”

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡ ಸಾಹೇಬರ ಗಾಡಿ ಒಳಗೆ ಬಂತು.

ಸಾಹೇಬರು ಎರಡು ಕಪ್ ಚಹಾ ಕುಡಿದು ಭೇಷ್ ಅಂದರು. ಮಸ್ಟರ್ ನೋಡಿ ಇನ್ನೊಮ್ಮೆ ಭೇಷ್ ಅಂದರು. ಹಾಜರಿ ಹಮ್ಮೀರ ಮಲಿಕಸಾಬ ಮನಸ್ಸಿನಲ್ಲೇ ಮೂರನೇ ಗೇರ್ ಹಾಕಿದ. ಆಗ ಸಾಹೇಬರು ಗೋಡೆಯತ್ತ ತಿರುಗಿದರು. ಯಾವ ಸಿಸ್ಟರ್ ಯಾವ ದಿನ ಯಾವ ಹಳ್ಳಿಯಲ್ಲಿರಬೇಕು ಎಂಬ ಪಟ್ಟಿ, ಡಾಕ್ಟರರದೇ ಸಹಿಯೊಂದಿಗೆ, ಅಲ್ಲಿ ಅಂಟಿತ್ತು.

“ಸುವರ್ಣಾ ಯಾರ್ರಿ?”

“ನಾನ್ರೀ.”

“ಇವತ್ತ ಎಲ್ಲಿರಬೇಕಿತ್ತು?”

ಸುವರ್ಣಾ ಒಮ್ಮೆ ಮಲಿಕಸಾಬನ ಮುಖ ನೋಡಿದಳು. “ಹಳ್ಳ್ಯಾಗ್ರಿ.”

“ಇಲ್ಲಿ ಅದೀರಿ ಅಂದ್ರ ಅಲ್ಲಿ ಗೈರಹಾಜರ್.” ಕೆಂಪು ಪೆನ್ನು ಆರು ಸಲ ಗೀಚಿತು.

“ಸರ್, ಆಸ್ಪತ್ರಿ ಮ್ಯಾಲಿನ ಹುರುಪಿಗೆ ಬಂದಾರ್ರಿ,” ಎಂದು ಡಾಕ್ಟರು ಅಡ್ಡ ಬಂದರು.

“ಹುರುಪಿಗೆ ಫಾರ್ಮಿನ್ಯಾಗ ಕಾಲಂ ಇಲ್ಲ, ಡಾಕ್ಟರ್.”

ಹೊರಗೆ ಸಾಹೇಬರ ಡ್ರೈವರು ಮಲಿಕಸಾಬನ ಹೆಗಲ ಮೇಲೆ ಕೈ ಇಟ್ಟ. “ಜೀಪ್ ನಾವು ನೋಡಿ ಬಂದ ಹಿಂದಿನ ಊರಿಗೆ ಹೋತು ಬಿಡೋ ದೋಸ್ತ. ಮುಂಜಾನೆ ನೋಡಿದ್ರ ಅಲ್ಲಿ ಆಸ್ಪತ್ರಿಗೆ ಕೀಲಿ ಹಾಕಿತ್ತು. ವಾಚ್‌ಮನ್ ಒಬ್ಬಾಂವ ಇದ್ದ. ‘ಎಲ್ಲಾರೂ ಹಳ್ಳಿಗೆ ಹೋಗ್ಯಾರ್ರಿ’ ಅಂದ. ಸಾಹೇಬ್ರು ನೂರಕ್ಕೆ ನೂರು ಹಾಕಿದ್ರು.”

ಗಾಡಿ ಹೋಯಿತು. ಮಲಿಕಸಾಬ ತಲೆ ತಗ್ಗಿಸಿ ನಿಂತ. ಡಾಕ್ಟರು ಬೈಯಲಿಲ್ಲ, ಕೆಟಲಿಯಲ್ಲಿ ಉಳಿದ ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟರು.

ಬೇವಿನ ಮರದ ಕಡೆಯಿಂದ ಆರು ಸಿಸ್ಟರುಗಳ ಗದ್ದಲ ಕೇಳಿತು. ಸುವರ್ಣಾ ಹಳೆಯ ಜೀಪಿನ ಬಾಗಿಲು ಜಗ್ಗಿ ಕೂಗಿದಳು:

“ಮಲಿಕಣ್ಣ! ನನ್ನ ಸೀಟಿನ್ಯಾಗ ಕೋಳಿ ಕುಂತೈತಿ. ಎಬ್ಬಸ್ತೀಯೋ ಹೆಂಗ?”