ತಂಡೇಲ

ಉಚ್ಚಿಲದ ಶೇಖರ ಇಪ್ಪತ್ತೆರಡು ವರ್ಷ ಮಲ್ಪೆಯ ಮೀನುಗಾರಿಕಾ ದೋಣಿಗಳಲ್ಲಿ ತಂಡೇಲನಾಗಿದ್ದವರು. ಮೂವತ್ತು ಜನರ ದೋಣಿ ಎಲ್ಲಿಗೆ ಹೋಗಬೇಕು, ಯಾವಾಗ ತಿರುಗಬೇಕು ಎಂಬುದೆಲ್ಲ ಅವರ ಮಾತಿನ ಮೇಲೆ ನಿಂತಿತ್ತು. ಬೆನ್ನುನೋವು ಜೋರಾದ ಮೇಲೆ ಆಳ ಸಮುದ್ರ ಬಿಟ್ಟು, ಕಾಪು ಬಳಿಯ ಒಂದು ರೆಸಾರ್ಟಿನಲ್ಲಿ ಪ್ರವಾಸಿಗರ ದೋಣಿ ನಡೆಸುವ ಕೆಲಸಕ್ಕೆ ಸೇರಿದರು.

ಮೊದಲ ವಾರವೇ ಮ್ಯಾನೇಜರ್ ಕಾರ್ಲ್ಟನ್ ಎದೆಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ ಕೊಟ್ಟ. ‘ಬೋಟ್ ಬಾಯ್’ ಎಂದಿತ್ತು.

"ನನಗೆ ಐವತ್ತಾರು ವರ್ಷ. ಎಂತ ಬಾಯ್? ತಂಡೇಲ ಅಂತ ಬರೆಸಿ."

"ಅದಕ್ಕೆ ಇಂಗ್ಲಿಷಿನಲ್ಲಿ ಶಬ್ದವೇ ಇಲ್ಲ, ಶೇಖರಣ್ಣ. ಗೆಸ್ಟುಗಳಿಗೆ ಅರ್ಥ ಆಗಬೇಕಲ್ವಾ?"

ಮಗಳು ವಿಜೇತಾ ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಮರುದಿನ ಸಂಜೆ ಹಳೆಯ ನಿಘಂಟಿನ ಒಂದು ಪುಟದ ನಕಲು ತಂದಳು.

"ಶಬ್ದ ಉಂಟು ಪಪ್ಪ. ಟಿಂಡಲ್. ನಮ್ಮ ತಂಡೇಲನಿಂದಲೇ ಹೋದದ್ದು. ಗುಂಪಿನ ಮುಖ್ಯಸ್ಥ ಎಂದು ಅರ್ಥ. ಆಮೇಲೆ, ಹಡಗಿನ ಕೆಳದರ್ಜೆಯ ಅಧಿಕಾರಿ ಅಂತಲೂ ಬರೆದಿದ್ದಾರೆ."

"ಮುಖ್ಯಸ್ಥ ಕೆಳದರ್ಜೆಯವ ಆದದ್ದು ಹೇಗೆ?"

"ಇಂಗ್ಲಿಷರು ತಮ್ಮ ಹಡಗಿಗೆ ಹತ್ತಿಸಿಕೊಂಡು, ದರ್ಜೆಯಲ್ಲಿ ಇಳಿಸಿದರು."

"ನಾನು ಇಳಿಯುವವನಲ್ಲ," ಎಂದರು ಶೇಖರ.

ಬೆಳಿಗ್ಗೆ ಆ ಹಾಳೆಯನ್ನು ಕಾರ್ಲ್ಟನ್‌ನ ಮೇಜಿನ ಮೇಲಿಟ್ಟರು. ಅವನು ಓದಿ ನಕ್ಕ. "ಆಯ್ತು, ಟಿಂಡಲ್ ಅಂತಲೇ ಬರೆಸುವ."

"ಬೇಡ. ಅದು ಅವರ ಬಾಯಲ್ಲಿ ಮುರಿದ ಶಬ್ದ. ಇಡಿಯಾದದ್ದು ನಮ್ಮಲ್ಲಿ ಉಂಟಲ್ಲ!"

"ಹಾಗಾದರೆ ನಾಳೆಯಿಂದ ಬರಬೇಡಿ."

ಮೇಜಿನ ಮೇಲೆಯೇ ಬಿದ್ದಿದ್ದ ‘ಬೋಟ್ ಬಾಯ್’ ಬಿಲ್ಲೆಯನ್ನು ಮುಟ್ಟದೆ ಶೇಖರ ಹೊರಟರು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಚಾಲಕ ಸ್ಯಾಮ್ಸನ್ ತನ್ನ ಬಿಲ್ಲೆಯನ್ನೂ ಕಿತ್ತು ಮೇಜಿನ ಮೇಲಿಟ್ಟ. "ನಾನೂ ಬಾಯ್ ಅಲ್ಲ, ನನಗೂ ಮದುವೆ ವಯಸ್ಸಿನ ಮಗಳಿದ್ದಾಳೆ, ಸರ್," ಎಂದಷ್ಟೇ ಹೇಳಿ ಹಿಂದೆಯೇ ನಡೆದ.

ಎರಡು ಭಾನುವಾರ ದೋಣಿಗಳು ಮರಳ ಮೇಲೆಯೇ ಇದ್ದವು. ಮೂರನೆಯದಕ್ಕೆ ಮೊದಲು ಕಾರ್ಲ್ಟನ್ ಉಚ್ಚಿಲಕ್ಕೆ ಬಂದು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ‘ತಂಡೇಲ’ ಎಂದು ಬರೆಸಿದ ಎರಡು ಬಿಲ್ಲೆಗಳನ್ನು ಜಗಲಿಯಲ್ಲಿಟ್ಟ.

"ಹೆಸರು ಸಾಲದು," ಎಂದರು ಶೇಖರ. "ನೀರಿಗೆ ಇಳಿಯುವುದೋ ಬೇಡವೋ ಎಂಬುದೂ ನನ್ನ ಮಾತು."

ಕಾರ್ಲ್ಟನ್ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ.

ಆ ಭಾನುವಾರ ಬೆಂಗಳೂರಿನ ಹನ್ನೆರಡು ಮಂದಿ ಲೈಫ್ ಜಾಕೆಟ್ ಹಾಕಿ ದೋಣಿಯಲ್ಲಿ ಕುಳಿತಿದ್ದರು. ಶೇಖರ ಪಡುವಣದಲ್ಲಿ ಎತ್ತರಕ್ಕೇಳುತ್ತಿದ್ದ ಅಲೆಗಳನ್ನು ತುಸು ಹೊತ್ತು ನೋಡಿದರು.

"ಇವತ್ತಿಲ್ಲ. ಎಲ್ಲರೂ ಇಳಿಯಿರಿ."

ಗೊಣಗುತ್ತ ಪ್ರವಾಸಿಗರು ಕಾರ್ಲ್ಟನ್ ಕಡೆ ತಿರುಗಿದರು. ಅವನ ಮುಖ ಕೆಂಪಾಗಿತ್ತು. ಆದರೂ ಮುಂದೆ ಬಂದು, ಮೊದಲ ಹೆಂಗಸಿಗೆ ಇಳಿಯಲು ತಾನೇ ಕೈ ಕೊಟ್ಟ.